ವಾಟರ್ ವಾಶ್ ಫ್ರೀ

ವನಜಾಳ ಕಾಲ್ಬೆರಳ ಸಂದಿಯಲ್ಲಿ ಚರ್ಮ ಉಳಿದಿರಲಿಲ್ಲ. ಬೆಳಗ್ಗೆ ಚಪ್ಪಲಿ ಮೆಟ್ಟುವಾಗ ಹಲ್ಲು ಕಚ್ಚುತ್ತಿದ್ದಳು. ಸಂಜೆ ಚಪ್ಪಲಿ ಬಿಡುವಾಗ ಬೈಯುತ್ತಿದ್ದಳು. ಯಾರನ್ನು ಬೈಯಬೇಕೆಂದು ಗೊತ್ತಿಲ್ಲದೆ ಮೊದಮೊದಲು ಚಪ್ಪಲಿಯನ್ನೇ ಬೈದಳು.

ಅವಳು ಪೂರಿಗಾಲಿಯ ಹೆಣ್ಣು, ಮಳವಳ್ಳಿಗೆ ಮದುವೆಯಾಗಿ ಬಂದವಳು. ಮದ್ದೂರಿನ ಹೆದ್ದಾರಿ ಪಕ್ಕದ ಕಾರ್ ಷೋರೂಮಿನ ಹಿಂಭಾಗದಲ್ಲಿ ಕೆಲಸ. ಸರ್ವಿಸಿಗೆ ಬಂದ ಕಾರುಗಳಿಗೆ ನೀರು ಹೊಡೆಯಬೇಕು, ಸೋಪು ಉಜ್ಜಬೇಕು, ಒಳಗಿನ ವಾಂತಿ, ಮಣ್ಣು, ಮಕ್ಕಳು ಚೆಲ್ಲಿದ ಬಿಸ್ಕತ್ತಿನ ಪುಡಿ ಎಲ್ಲ ಬಳಿಯಬೇಕು. ಆರು ವರ್ಷದಿಂದ ಇದೇ. ಜೊತೆಗೆ ಇನ್ನೂ ಐದು ಹೆಂಗಸರು. ಇವರಲ್ಲಿ ಒಬ್ಬರೂ ಷೋರೂಮಿನ ನೌಕರರಲ್ಲ. ಕಂಟ್ರಾಕ್ಟರ್ ಶಿವರಾಮು ಕಳಿಸಿದ ಜನ. ಆರು ಜನಕ್ಕೆ ಆರು ಹೆಸರಿದ್ದರೂ ಒಳಗಿನವರು ಕರೆಯುತ್ತಿದ್ದದ್ದು ಒಂದೇ ಹೆಸರಿನಲ್ಲಿ. ಒದ್ದೆಯೋರು. "ಒದ್ದೆಯೋರನ್ನ ಕರೀರಿ." "ಒದ್ದೆಯೋರಿಗೆ ಹೇಳ್ರಿ."

ಆ ಹೆಸರು ಸುಮ್ಮನೆ ಬಂದದ್ದಲ್ಲ. ಊಟದ ಕೋಣೆಯ ಬಾಗಿಲಿಗೆ ಒಂದು ಬೋರ್ಡಿತ್ತು: 'ಒದ್ದೆ ಕಾಲಿನವರು ಒಳಗೆ ಬರಬಾರದು.' ಟೈಲ್ಸ್ ನೆಲ, ಯಾರಾದರೂ ಜಾರಿ ಬಿದ್ದಾರು ಎಂಬ ಕಾಳಜಿಯಂತೆ. ಬೆಳಗಿನಿಂದ ಸಂಜೆವರೆಗೆ ನೀರಲ್ಲಿ ನಿಂತವರ ಕಾಲು ಒಣಗುವುದು ಯಾವಾಗ? ಹಾಗಾಗಿ ಆರೂ ಜನ ನೀರಿನ ಮೋಟರಿನ ಹಿಂದೆ, ಖಾಲಿ ಆಯಿಲ್ ಡಬ್ಬಗಳ ಮೇಲೆ ಕೂತು ಉಣ್ಣುತ್ತಿದ್ದರು. ಊರಲ್ಲಿ ಒದ್ದೆ ಪಂಚೆ ಉಟ್ಟು ಬಂದವನು ಮಡಿಯವನು, ಅವನಿಗೆ ಎಲ್ಲರೂ ದಾರಿ ಬಿಡಬೇಕು. ಇಲ್ಲಿ ಒದ್ದೆ ಕಾಲಿನವಳು ಮೈಲಿಗೆ, ಅವಳೇ ದಾರಿ ಬಿಡಬೇಕು. ನೀರು ಅದೇ ನೀರು. ಮೈ ಬೇರೆ. ಆ ಆರು ಹೆಂಗಸರಲ್ಲಿ ಐವರು ಯಾವ ಕೇರಿಯವರು ಎಂದು ಅಲ್ಲಿ ಯಾರೂ ಕೇಳಿರಲಿಲ್ಲ. ಕೇಳದೆಯೇ ಎಲ್ಲರಿಗೂ ಗೊತ್ತಿತ್ತು.

ಒಂದು ಸಲ ಗಮ್‌ಬೂಟು ಕೊಟ್ಟಿದ್ದರು. ಎರಡು ಜೊತೆ, ಗಂಡಸರ ಹತ್ತನೇ ನಂಬರಿನವು. ಹಾಕಿಕೊಂಡು ನಿಂತರೆ ಮೇಲಿನಿಂದ ನೀರು ಒಳಗಿಳಿದು ಕಾಲು ಬಕೆಟ್ಟಿನಲ್ಲಿ ಅದ್ದಿಟ್ಟಂತಾಗುತ್ತಿತ್ತು. ಹೆಂಗಸರು ಅವನ್ನು ಬಿಸಾಡಿ ಹವಾಯಿ ಚಪ್ಪಲಿಗೆ ಬಂದರು.

ವನಜಾಳ ತಾಯಿ ಬೆಳ್ಳಮ್ಮ ಮಗಳ ಜೊತೆಗೇ ಇದ್ದಳು. ವಯಸ್ಸಿನಲ್ಲಿ ಗದ್ದೆಗಳಲ್ಲಿ ನಾಟಿ ಹಾಕಿ ಸವೆದವಳು. ಮಗಳ ಕಾಲು ಹಿಡಿದು ಬೆರಳು ಬಿಡಿಸಿ ನೋಡಿ, ಅರಿಶಿನ ಬೇವಿನೆಣ್ಣೆ ಕಲಸಿ ಹಚ್ಚುತ್ತಿದ್ದಳು.

"ಕೆಸರುಹುಣ್ಣು ಕಣವ್ವ ಇದು. ನಂಗೂ ಆಯ್ತಿತ್ತು. ನಾಟಿ ಮುಗುದ್ಮೇಲೆ ತಾನಾಗೇ ಮಾಯೋದು. ನಿಮ್ ನಾಟಿ ಯಾವತ್ತವ್ವ ಮುಗಿಯೋದು?"

"ಕಾರು ಇರೋಗಂಟ ಮುಗಿಯಲ್ಲ ಬುಡವ್ವ," ಎಂದು ವನಜಾ ನಗುತ್ತಿದ್ದಳು. ಆಗಿನ್ನೂ ನಗುವಷ್ಟು ಸುಖವಿತ್ತು. ಭಾನುವಾರ ಸರ್ವಿಸ್ ಬಾಗಿಲು ಹಾಕುತ್ತಿತ್ತು. ಅವತ್ತು ಅವಳು ಮನೆ ಮುಂದೆ ಬಿಸಿಲಿಗೆ ಕಾಲು ಚಾಚಿ ಕೂರುತ್ತಿದ್ದಳು. ಸೋಮವಾರಕ್ಕೆ ಹುಣ್ಣಿನ ಮೇಲೆ ತೆಳ್ಳಗೆ ಪೊರೆ ಕಟ್ಟುತ್ತಿತ್ತು. ಆ ಪೊರೆಯ ಬಲದಲ್ಲಿ ವಾರ ಕಳೆಯುತ್ತಿತ್ತು.

ಸಂಕ್ರಾಂತಿ ಕಳೆದ ಮೇಲೆ ಮ್ಯಾನೇಜರ್ ಪ್ರಸನ್ನ ಎಲ್ಲರನ್ನೂ ಸೇರಿಸಿ ಮೀಟಿಂಗು ಮಾಡಿದ. ಮೆಕ್ಯಾನಿಕ್‌ಗಳು ಮುಂದೆ, ಕುರ್ಚಿಯಲ್ಲಿ. ಒದ್ದೆಯೋರು ಹಿಂದೆ, ಗೋಡೆಗೆ ಒತ್ತಿಕೊಂಡು, ನಿಂತು. ಒಳ್ಳೆಯ ಮೆಕ್ಯಾನಿಕ್‌ಗಳು ಕೆಲಸ ಬಿಟ್ಟು ಬೇರೆ ಕಡೆ ಹೋಗುತ್ತಿದ್ದರು. ಅವರನ್ನು ಉಳಿಸಿಕೊಳ್ಳಲು ಹೆಡ್ಡಾಫೀಸು ಹೊಸ ಪದ್ಧತಿ ತಂದಿತ್ತು. ವಾರಕ್ಕೆ ನಾಲ್ಕೇ ದಿನ ಕೆಲಸ. ಎರಡು ತಂಡ. ಒಂದು ಸೋಮವಾರದಿಂದ ಗುರುವಾರ, ಇನ್ನೊಂದು ಗುರುವಾರದಿಂದ ಭಾನುವಾರ. ದಿನಕ್ಕೆ ಒಂದೆರಡು ಗಂಟೆ ಹೆಚ್ಚು ದುಡಿಯಬೇಕು, ಸಂಬಳ ಮೊದಲಿನಷ್ಟೇ.

"ನಾಲ್ಕು ದಿನ ಕಷ್ಟಪಡಿ. ಮೂರು ದಿನ ಎಲ್ಲರೂ ಫ್ರೀ!" ಎಂದ ಪ್ರಸನ್ನ.

ಚಪ್ಪಾಳೆ ಬಿತ್ತು. ಮೊದಲು ಚಪ್ಪಾಳೆ ತಟ್ಟಿದವಳು ವನಜಾ.

ಈ ಪದ್ಧತಿಯಲ್ಲಿ ತಪ್ಪೇನೂ ಇರಲಿಲ್ಲ. ಹಿರಿಯ ಮೆಕ್ಯಾನಿಕ್ ಗಫಾರನನ್ನು ನೋಡಿದರೆ ಸಾಕಿತ್ತು. ಇಪ್ಪತ್ತೆರಡು ವರ್ಷ ಕಾರಿನಡಿ ಕತ್ತೆತ್ತಿ ನಿಂತು ಅವನ ಕುತ್ತಿಗೆ ಬಲಕ್ಕೆ ತಿರುಗುತ್ತಿರಲಿಲ್ಲ. ಯಾರಾದರೂ ಬಲಗಡೆಯಿಂದ ಕರೆದರೆ ಇಡೀ ಮೈ ತಿರುಗಿಸಿ ನೋಡುತ್ತಿದ್ದ. ಅವನೂ ಮಳವಳ್ಳಿಯವನೇ. ಒಂದೇ ಬಸ್ಸಿನಲ್ಲಿ ಹೋಗಿ ಬರುವವರು. ವನಜಾ ಅವನನ್ನು ಗಫಾರಣ್ಣ ಎನ್ನುತ್ತಿದ್ದಳು. ಅವತ್ತು ಸಂಜೆ ಬಸ್ಸಿನಲ್ಲಿ ಅವನ ಮುಖ ಅರಳಿತ್ತು.

"ನಂದು ಮೊದಲ್ನೇ ತಂಡ ಕಣಮ್ಮ. ಇನ್ಮೇಲೆ ಎಲ್ಲಾ ಶುಕ್ರವಾರಾನೂ ನಮಾಜಿಗೆ ಓಗಬೋದು. ಎಷ್ಟ್ ವರ್ಷಾಗಿತ್ತು! ನಮ್ ಮಗ್ಳು ಶಬ್ರೀನೂ ಕೇಳ್ತಿದ್ಲು, ಅಬ್ಬಾ ನೀವ್ ಯಾವಾಗ್ಲಾದ್ರೂ ಮನೇಲಿರ್ತೀರಾ ಅಂತ."

"ನನ್ ಕಾಲಿಗೂ ಮೂರು ದಿನ ಸಿಕ್ತದೆ ಗಫಾರಣ್ಣ," ಎಂದಳು ವನಜಾ.

ಗಫಾರ್ ಹೂಂ ಎಂದ. ಅವನಿಗೂ ಅನುಮಾನ ಬರಲಿಲ್ಲ.

ಆರು ಹೆಂಗಸರು ಮೋಟರಿನ ಹಿಂದೆ ಕೂತು ಸರಿಯಾಗಿ ಲೆಕ್ಕ ಹಾಕಿದರು. ಯಾರೂ ಹೇಳದಿದ್ದರೂ ತಾವೇ ಎರಡು ತಂಡ ಮಾಡಿಕೊಂಡರು. ಮೂವರು ಮೊದಲನೇ ತಂಡದ ಜೊತೆ, ಮೂವರು ಎರಡನೇ ತಂಡದ ಜೊತೆ. ವನಜಾ ಮತ್ತು ಎಲ್ಲರಿಗಿಂತ ಹಿರಿಯಳಾದ ಚಿಕ್ಕಮಾದಮ್ಮ ಮೊದಲನೆಯದರಲ್ಲಿ. ಎಲ್ಲರೂ ಫ್ರೀ ಎಂದಿದ್ದಾರೆ. ಎಲ್ಲರೂ ಅಂದ ಮೇಲೆ ತಾವೂ ಸೇರಿದಂತಲ್ಲವೆ! ಆರು ವರ್ಷ ಆ ಜಾಗದಲ್ಲಿ ದುಡಿದೂ ಇಂಥ ತಪ್ಪು ಮಾಡಿದರು.

ಶುಕ್ರವಾರ ವನಜಾ ಮನೆಯಲ್ಲಿ ಉಳಿದಳು. ಬಿಸಿಲಿಗೆ ಕಾಲು ಚಾಚಿ ಕೂತಿದ್ದಾಗ ಶಿವರಾಮುವಿನ ಫೋನು ಬಂತು.

"ಎಲ್ಲಿ ಸತ್ತಿದ್ದೀಯಲೇ?"

"ಇವತ್ತು ನಮ್ಗೆ ಫ್ರೀ ಅಲ್ವಾ ಅಣ್ಣ?"

ಆ ಕಡೆ ಶಿವರಾಮು ನಕ್ಕ. ಆ ನಗು ಬೈಗುಳಕ್ಕಿಂತ ಕೆಟ್ಟದಾಗಿತ್ತು.

ಶನಿವಾರ ಪ್ರಸನ್ನ ಅವಳನ್ನು ಮೆಕ್ಯಾನಿಕ್‌ಗಳ ಎದುರಿಗೇ ನಿಲ್ಲಿಸಿಕೊಂಡ. ಕೈಯಲ್ಲೊಂದು ಗಿರಾಕಿಯ ಬಿಲ್ಲು.

"ಓದಕ್ಕೆ ಬರುತ್ತಾ?"

"ಬತ್ತದೆ ಸಾರ್. ಎಸ್ಸೆಸ್ಸೆಲ್ಸಿ ಪಾಸು."

"ಇಲ್ಲಿ ಕೊನೇ ಸಾಲು ಓದು. ಜೋರಾಗಿ."

ವನಜಾ ಓದಿದಳು. "ವಾಟರ್ ವಾಶ್. ಫ್ರೀ."

"ಇನ್ನೊಂದ್ಸಲ."

"ವಾಟರ್ ವಾಶ್ ಫ್ರೀ."

"ಗೊತ್ತಾಯ್ತಾ? ಆಯಿಲ್ ಚೇಂಜಿಗೆ ರೇಟಿದೆ. ಬ್ರೇಕಿಗೆ ರೇಟಿದೆ. ಅದನ್ನ ಮಾಡೋನು ಸ್ಟಾಫು. ವಾಶಿಗೆ ರೇಟೇ ಇಲ್ಲ. ಫ್ರೀ ಅಂದ್ರೆ ನಿಂಗೆ ರಜ ಅಂತ ಅಲ್ಲ. ಫ್ರೀ ಅಂದ್ರೆ ನೀನು."

ಯಾರೋ ಕಿಸಕ್ಕನೆ ನಕ್ಕರು. ಗಫಾರ್ ಅವತ್ತು ರಜೆಯಲ್ಲಿದ್ದ. ಇದ್ದಿದ್ದರೆ ಏನು ಮಾಡುತ್ತಿದ್ದನೋ ಎಂದು ವನಜಾ ಆಮೇಲೆ ಬಹಳ ಸಲ ಯೋಚಿಸಿದಳು. ಏನೂ ಮಾಡುತ್ತಿರಲಿಲ್ಲ ಎಂದೇ ಪ್ರತಿ ಸಲವೂ ಅನ್ನಿಸಿತು. ಬಿಲ್ಲನ್ನು ವಾಪಸು ಕೊಡುವಾಗ ಅವಳ ಹೆಬ್ಬೆಟ್ಟಿನ ಒದ್ದೆ ಗುರುತು ಅದರ ಮೇಲೆ ಮೂಡಿತ್ತು. ಪ್ರಸನ್ನ ಅದನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಒಳಗೆ ಹೋದ.

ಇಷ್ಟಕ್ಕೇ ಮುಗಿಯಲಿಲ್ಲ. ಎರಡು ತಂಡ ಬಂದದ್ದರಿಂದ ಸರ್ವಿಸು ಏಳೂ ದಿನ ತೆರೆಯಿತು. ಭಾನುವಾರವೂ. ಮೆಕ್ಯಾನಿಕ್‌ಗಳು ಬದಲಾದರು. ನೀರಲ್ಲಿ ನಿಂತವರು ಮಾತ್ರ ಅವರೇ. ಎರಡೂ ತಂಡದ ಕಾರುಗಳು ಇದೇ ಆರು ಜನರ ಮುಂದೆ ಬಂದು ನಿಂತವು. ಕೆಲಸದ ಹೊತ್ತು ಬೆಳೆದ ಹಾಗೆ ಇವರ ಹೊತ್ತೂ ಬೆಳೆಯಿತು. ಅವರ ವಾರ ಚಿಕ್ಕದಾಯಿತು. ಇವರ ವಾರಕ್ಕೆ ತುದಿಯೇ ಇಲ್ಲದಂತಾಯಿತು. ರಜ ಬೇಕಾದರೆ ತಗೊಳ್ಳಿ, ಮಾರನೆಯ ದಿನ ಬರುವ ತೊಂದರೆ ಬೇಡ ಎಂದ ಶಿವರಾಮು. ಕುತ್ತಿಗೆ ನೋವಿನವನ ರಜೆಯನ್ನು ಕಾಲು ಕೊಳೆತವಳ ಭಾನುವಾರದಿಂದ ಕಿತ್ತು ಕೊಟ್ಟಿದ್ದರು. ಕೊಟ್ಟವರ ಫೋಟೋ ಮಾತ್ರ ಷೋರೂಮಿನ ಗೋಡೆಗೆ ಹತ್ತಿತು. 'ನಮ್ಮ ನೌಕರರ ಸಂತೋಷವೇ ನಮ್ಮ ಸಂತೋಷ.'

ಮೂರನೇ ವಾರಕ್ಕೆ ಹುಣ್ಣಿನ ಮೇಲೆ ಪೊರೆ ಕಟ್ಟುವುದು ನಿಂತಿತು. ನಾಲ್ಕನೇ ವಾರಕ್ಕೆ ಸೋಪಿನ ನೀರು ತಾಗಿದರೆ ಮೆಣಸಿನಪುಡಿ ತುಂಬಿದಂತಾಗುತ್ತಿತ್ತು. ಐದನೇ ವಾರಕ್ಕೆ ಎಡಗಾಲು ಮೀನಖಂಡದವರೆಗೆ ಊದಿ ಜ್ವರ ಬಂತು. ಸಂಜೆ ಹೊತ್ತಿನಲ್ಲಿ ಮಳವಳ್ಳಿಯ ಡಾಕ್ಟರಮ್ಮನ ಹತ್ತಿರ ಹೋದಳು. ಡಾಕ್ಟರಮ್ಮ ಬೆರಳು ಬಿಡಿಸಿ ನೋಡಿ ಮೂಗು ಮುಚ್ಚಿಕೊಳ್ಳಲಿಲ್ಲ. ಅಷ್ಟಕ್ಕೇ ವನಜಾಳಿಗೆ ಅಳು ಬಂತು.

"ಮಾತ್ರೆ ಕೊಡ್ತೀನಿ. ಆದ್ರೆ ಮಾತ್ರೆಯಿಂದ ಆಗೋದಲ್ಲ ಇದು. ವಾರಕ್ಕೆ ಎರಡ್ಮೂರು ದಿನನಾದ್ರೂ ಕಾಲು ಒಣಗಿರಬೇಕು. ಕೀವು ಮೂಳೆಗೆ ಹೋದ್ರೆ ಬೆರಳು ತೆಗೀಬೇಕಾಗುತ್ತೆ. ಒಂದೇ ಬೆರಳಿಗೆ ನಿಲ್ಲುತ್ತೆ ಅಂತ ನಾನು ಹೇಳಲ್ಲ."

ಮಾರನೆಯ ದಿನ ಬಸ್ಸಿನಲ್ಲಿ ಅವಳು ಗಫಾರನ ಪಕ್ಕದಲ್ಲಿ ಕೂತಳು.

"ಗಫಾರಣ್ಣ, ನೀವು ಒಂದ್ ಮಾತು ಮ್ಯಾನೇಜರ್‌ಗೆ ಏಳಿ. ನೀವೇಳಿದ್ರೆ ಕೇಳ್ತಾರೆ. ನಮ್ಗೆ ಮೂರು ದಿನ ಬ್ಯಾಡ. ಎರಡು ಕೊಡ್ಲಿ."

ಗಫಾರ್ ಕಿಟಕಿ ಕಡೆ ನೋಡಿದ. ಅದು ಅವನ ಎಡಗಡೆಗಿತ್ತು, ಸುಲಭವಾಗಿ ನೋಡಬಹುದಿತ್ತು.

"ನಮ್ದೇ ಈಗ ತಾನೆ ಸಿಕ್ಕದೆ ಕಣಮ್ಮ. ನಾನ್ ಬಾಯ್ ಬುಟ್ರೆ, ತಕರಾರಾ, ಹಂಗಾದ್ರೆ ಎಲ್ಲಾರ್ದೂ ಕ್ಯಾನ್ಸಲ್ ಅಂದ್ರೆ? ಮಿಕ್ಕಿದೋರು ನನ್ನ ಸುಮ್ನೆ ಬುಟ್ಟಾರಾ?"

"ಬುಡಿ ಹಂಗಾದ್ರೆ."

"ಕೋಪ ಮಾಡ್ಕಬ್ಯಾಡ ವನಜಮ್ಮ."

"ಕೋಪ ಮಾಡ್ಕಳಕ್ಕೆ ನಂಗ್ ಯಾವ್ ದಿನ ರಜ ಅದೆ ಅಣ್ಣ?"

ಮದ್ದೂರಿನಲ್ಲಿ ಇಳಿಯುವಾಗ ಗಫಾರ್ ಅವಳ ಊಟದ ಚೀಲ ಹಿಡಿದುಕೊಂಡ. ಅವಳು ಕಿತ್ತುಕೊಂಡಳು.

ಏಳನೇ ವಾರದ ಗುರುವಾರ. ಗುರುವಾರ ಎರಡೂ ತಂಡಗಳು ಸೇರುವ ದಿನ, ಹಾಗಾಗಿ ಕಾರುಗಳು ಜಾಸ್ತಿ. ಅವತ್ತು ಕೊಕ್ಕರೆ ಬೆಳ್ಳೂರಿನಿಂದ ದೊಡ್ಡಸಿದ್ದಯ್ಯ ಎಂಬ ಬೆಲ್ಲದ ವ್ಯಾಪಾರಿಯ ಕಾರು ಬಂದಿತ್ತು. ಅವನು ಅದನ್ನು ಹುಣಸೆಮರದ ಕೆಳಗೆ ನಿಲ್ಲಿಸುತ್ತಿದ್ದ. ಮರದ ತುಂಬ ಹಕ್ಕಿಗೂಡು. ನೀಲಿ ಕಾರು ಸುಣ್ಣ ಬಳಿದ ಗೋಡೆಯ ಹಾಗಾಗಿತ್ತು. ಹಕ್ಕಿ ಹಿಕ್ಕೆ ಒಣಗಿದರೆ ನೀರಿನ ಗನ್ನಿಗೆ ಜಗ್ಗುವುದಿಲ್ಲ. ನೆನೆಸಬೇಕು, ಉಗುರಿನಿಂದ ಎಬ್ಬಿಸಬೇಕು, ಬಣ್ಣ ಕೀಳಬಾರದು. ಮೀನು ತಿಂದ ಹಕ್ಕಿ. ನೆನೆದ ಮೇಲೆ ಆ ನಾತ ಕೈ ಬಿಡುವುದಿಲ್ಲ.

ಚಿಕ್ಕಮಾದಮ್ಮ ಬಾನೆಟ್ಟಿನ ಕಡೆ ನಿಂತಿದ್ದಳು. ವನಜಾ ಹಿಂದುಗಡೆ ನೀರು ಹೊಡೆಯುತ್ತಿದ್ದಳು. ಇಳಿಜಾರಿನಲ್ಲಿ ನೀರು ಬಿಳಿ ನೊರೆಯಾಗಿ ಹರಿದು ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ಅದರಲ್ಲೊಂದು ಕೆಂಪು ಎಳೆ ಕಾಣಿಸಿತು. ವನಜಾ ಮೊದಲು ಅದು ಗಾಡಿಯ ಆಯಿಲ್ ಅಂದುಕೊಂಡಳು. ಎಳೆ ಹಿಡಿದುಕೊಂಡು ನೋಡಿದರೆ ಚಿಕ್ಕಮಾದಮ್ಮನ ಕಾಲ ಹತ್ತಿರ ಹೋಗಿ ನಿಂತಿತು. ಮುದುಕಿ ಒಂದು ಕೈಯಲ್ಲಿ ಬಾನೆಟ್ಟು ಹಿಡಿದು ನಿಂತೇ ಇದ್ದಳು. ಇನ್ನೊಂದು ಕೈ ಹಿಕ್ಕೆ ಕೆರೆಯುತ್ತಲೇ ಇತ್ತು.

"ಚಿಕ್ಕಮಾದಕ್ಕ, ಕಾಲು!"

"ಗೊತ್ತು ಕಣವ್ವ. ನೋಡ್ಬ್ಯಾಡ. ನೋಡುದ್ರೆ ನೋವು ಜಾಸ್ತಿ ಆಯ್ತದೆ."

ಅಷ್ಟರಲ್ಲಿ ಪ್ರಸನ್ನ ಬಂದ. ಗಡಿಯಾರ ನೋಡಿದ. ಕಾರು ನೋಡಿದ. ನೀರು ನೋಡಿದ. ಕೆಂಪು ಅವನಿಗೂ ಕಂಡಿತು. ಇಲ್ಲವೆಂದು ಹೇಳಲು ಬರುವುದಿಲ್ಲ, ಯಾಕೆಂದರೆ ಬೂಟು ಹಿಂದಕ್ಕೆ ಎಳೆದುಕೊಂಡ.

"ಹನ್ನೆರಡಕ್ಕೆ ಡೆಲಿವರಿ. ಮ್ಯಾಟ್‌ಗೆ ರಕ್ತ ತಾಗದಂಗೆ ನೋಡ್ಕೊಳ್ಳಿ," ಎಂದ.

ವನಜಾ ಗನ್ನು ಕೆಳಗಿಟ್ಟಳು. ನಾಲ್ಕು ಹೆಜ್ಜೆ ನಡೆದು ಹೋಗಿ ಮೋಟರಿನ ಸ್ವಿಚ್ಚು ಆರಿಸಿದಳು.

ಆ ಮೋಟರಿನ ಸದ್ದು ನಿಂತಾಗಲೇ ಅದು ಎಷ್ಟು ದೊಡ್ಡ ಸದ್ದು ಎಂದು ಎಲ್ಲರಿಗೂ ತಿಳಿದದ್ದು. ಸ್ಪ್ಯಾನರ್ ಹಿಡಿದವರು ತಿರುಗಿ ನೋಡಿದರು. ಗಫಾರ್ ಇಡೀ ಮೈ ತಿರುಗಿಸಿ ನೋಡಿದ.

"ಯಾಕೆ, ಕರೆಂಟು ಹೋಯ್ತಾ?" ಎಂದ ಪ್ರಸನ್ನ.

"ಇಲ್ಲ ಸಾರ್. ನಾನು ಆಫ್ ಮಾಡ್ದೆ."

"ಆನ್ ಮಾಡು."

"ಮಾಡಲ್ಲ."

ಅವಳ ದನಿ ಜೋರಾಗಿರಲಿಲ್ಲ. ಆದರೆ ಆ ಮಾತು ಬಾಯಿಂದ ಆಚೆ ಬಂದಾಗ ಅವಳಿಗೆ ಆರು ವರ್ಷದಲ್ಲಿ ಮೊದಲ ಸಲ ಕಾಲಿನ ಉರಿ ಮರೆತುಹೋಯಿತು.

"ಎಲ್ಲಾರ್ಗೂ ನಾಕು ದಿನ ಅಂದ್ರಿ. ನಮ್ ಭಾನುವಾರನೂ ಕಿತ್ಕಂಡ್ರಿ. ಇವ್ಳ ಕಾಲಲ್ಲಿ ರಕ್ತ ಅರೀತಾ ಅದೆ, ನೀವು ಮ್ಯಾಟ್ ನೋಡ್ತಿದ್ದೀರಿ. ನಾವು ಮನುಷ್ರಲ್ವಾ ಅಂತ ಕೇಳಲ್ಲ ನಾನು. ಅದು ನಂಗೊತ್ತು. ನಿಮ್ಗೆ ಗೊತ್ತಾಗೋಗಂಟ ನೀರಿಲ್ಲ."

ಉಳಿದ ನಾಲ್ವರೂ ಒಬ್ಬೊಬ್ಬರಾಗಿ ಬಟ್ಟೆ, ಬ್ರಷ್ಷು ಕೆಳಗಿಟ್ಟರು. ಚಿಕ್ಕಮಾದಮ್ಮ ಕೊನೆಗೆ ಇಟ್ಟಳು. ಇಟ್ಟವಳೇ ಕುಸಿದು ಇಳಿಜಾರಿನ ಅಂಚಿನಲ್ಲಿ ಕೂತಳು.

ಪ್ರಸನ್ನ ಶಿವರಾಮುವಿಗೆ ಫೋನು ಮಾಡಿದ. ಶಿವರಾಮು ಮಂಡ್ಯದಲ್ಲಿದ್ದ, ಸಂಜೆಗೆ ಮೊದಲು ಜನ ಸಿಗುವುದಿಲ್ಲ ಎಂದ. ಆಮೇಲೆ ಪ್ರಸನ್ನ ಮೆಕ್ಯಾನಿಕ್‌ಗಳ ಕಡೆ ತಿರುಗಿದ. ಇವತ್ತೊಂದು ದಿನ ನೀವೇ ಒಂದೊಂದು ಗಾಡಿ ತೊಳೆದುಬಿಡಿ ಎಂದ. ಒಬ್ಬ ಮೆಕ್ಯಾನಿಕ್ ಥಟ್ಟನೆ ಹೇಳಿದ: "ಐಟಿಐ ಓದಿದ್ದು ಹಿಕ್ಕೆ ಬಳಿಯಕ್ಕಾ ಸಾರ್?" ಉಳಿದವರು ನಕ್ಕರು. ಯಾರೂ ಜಾಗ ಬಿಟ್ಟು ಕದಲಲಿಲ್ಲ.

"ಗಫಾರ್, ನೀವಾದ್ರೂ ಒಂದು ಗಾಡಿ ತೊಳೀರಿ."

ಗಫಾರ್ ಕೈ ಒರೆಸಿಕೊಂಡ. "ಅದು ನನ್ ಕೆಲಸ ಅಲ್ಲ ಸಾರ್."

ವನಜಾಳಿಗೆ ಆ ಮಾತು ಸಮಾಧಾನವನ್ನೂ ಕೊಟ್ಟಿತು, ಚುಚ್ಚಿತು ಕೂಡ. ಇವರು ನೀರು ಮುಟ್ಟದೇ ಇದ್ದದ್ದು ಒದ್ದೆಯೋರ ಮೇಲಿನ ಪ್ರೀತಿಗಲ್ಲ. ಒದ್ದೆಯೋರ ಕೆಲಸದ ಮೇಲಿನ ಅಸಹ್ಯಕ್ಕೆ. ಆ ಅಸಹ್ಯವೇ ಅವತ್ತು ಆರು ಜನರ ಮುಷ್ಕರ ಕಾಯಿತು. ಇಂಥ ಬಲ ಯಾವ ಹೆಂಗಸಿಗೂ ಬೇಡ.

ಹನ್ನೆರಡಕ್ಕೆ ದೊಡ್ಡಸಿದ್ದಯ್ಯ ಬಂದ. ಹಿಂದೆ ಅರ್ಧ ತೊಳೆದ, ಮುಂದೆ ಹಾಗೇ ಇದ್ದ ಕಾರನ್ನು ಸುತ್ತು ಹಾಕಿದ.

"ಇದೇನ್ ಸ್ವಾಮಿ? ತಂದಂಗೇ ಅದೆ!"

"ಸರ್ವಿಸ್ ಪೂರ್ತಿ ಆಗಿದೆ ಸಾರ್. ಆಯಿಲ್ ಬದಲಾಯಿಸಿದ್ದೀವಿ, ಬ್ರೇಕ್ ಬಿಚ್ಚಿ ಕ್ಲೀನ್ ಮಾಡಿದ್ದೀವಿ. ವಾಶ್ ಒಂದು ಬಾಕಿ. ಅದು ಫ್ರೀ."

"ಆಯಿಲ್ನ ನಾನ್ ಕಂಡ್ನಾ? ಬ್ರೇಕ್ನ ಕಂಡ್ನಾ? ನಂಗ್ ಕಾಣೋದು ಇದು." ಅವನು ಬಾನೆಟ್ಟಿಗೆ ಕೈ ಬಡಿದ. "ಕೊಕ್ರೆ ಇಕ್ಕೆ ಅಲ್ಲಾಡಿಲ್ಲ ಅಂದ್ಮೇಲೆ ಒಳಗ್ ಏನ್ ಕಿಸುದ್ರಿ ಅಂತ ಯಾರ್ ನಂಬ್ತಾರೆ? ತೊಳೀದೆ ನಾನ್ ಒಂದ್ ಕಾಸೂ ಕೊಡಲ್ಲ."

ಒಂದು ಗಂಟೆಗೆ ಗಾಜಿನ ಕೋಣೆಯಲ್ಲಿ ಒಂಬತ್ತು ಗಿರಾಕಿಗಳು ಎದ್ದು ನಿಂತಿದ್ದರು. ಒಬ್ಬೊಬ್ಬರದೂ ಅದೇ ಮಾತು, ತೊಳೆಯದ ಮೇಲೆ ಸರ್ವಿಸ್ ಎಲ್ಲಾಯಿತು? ಬಿಲ್ಲಿನಲ್ಲಿ ರೇಟೇ ಇಲ್ಲದ ಕೆಲಸಕ್ಕೆ ಇಡೀ ಬಿಲ್ಲು ಕಾದು ನಿಂತಿತ್ತು.

ಎರಡು ಗಂಟೆಗೆ ಪ್ರಸನ್ನ ವನಜಾಳನ್ನು ತನ್ನ ಕೋಣೆಗೆ ಕರೆಸಿದ. ಅವಳು ಬಾಗಿಲಲ್ಲೇ ನಿಂತಳು.

"ಕಾಲು ಒದ್ದೆ ಅದೆ ಸಾರ್."

"ಪರವಾಗಿಲ್ಲ, ಬಾಮ್ಮ ಒಳಗೆ. ಕೂತ್ಕೋ."

ಆರು ವರ್ಷದಲ್ಲಿ ಮೊದಲ ಸಲ ಅವಳು ಆ ನೆಲದ ಮೇಲೆ ಕಾಲಿಟ್ಟಳು. ಟೈಲ್ಸು ತಣ್ಣಗಿತ್ತು. ಕುರ್ಚಿ ಮೆತ್ತಗಿತ್ತು. ಪ್ರಸನ್ನನ ಮಾತು ಅದಕ್ಕಿಂತ ಮೆತ್ತಗಿತ್ತು.

"ನೀನು ಓದಿದೋಳು. ನಿನ್ನನ್ನ ಆ ಗುಂಪಲ್ಲಿ ಇಟ್ಟಿದ್ದೇ ನಮ್ಮ ತಪ್ಪು. ಇವತ್ತೇ ಹೆಡ್ಡಾಫೀಸಿಗೆ ಬರೀತೀನಿ. ನಿನ್ನ ಸ್ಟಾಫ್ ಮಾಡ್ತೀನಿ. ವಾಶಿಂಗ್ ಸೂಪರ್‌ವೈಸರು. ನೀರು ಮುಟ್ಟೋ ಹಾಗೇ ಇಲ್ಲ, ಬೂಟು ಹಾಕ್ಕೊಂಡು ನಿಂತು ನೋಡ್ಕೊಂಡ್ರೆ ಸಾಕು. ನಾಲ್ಕು ದಿನ ಕೆಲಸ, ಮೂರು ದಿನ ಮನೆ. ಡಾಕ್ಟರು ಏನೋ ಹೇಳಿದ್ದಾರಂತಲ್ಲ ಕಾಲಿಗೆ?"

"ಉಳಿದೋರ್ಗೆ ಸಾರ್?"

"ಅವರದ್ದು ನಿಧಾನಕ್ಕೆ ನೋಡಣ. ಈಗ ನೀನು ಹೋಗಿ ಸ್ವಿಚ್ ಹಾಕು. ನೀನು ಹೇಳಿದ್ರೆ ಅವರು ಏಳ್ತಾರೆ."

ವನಜಾ ತಕ್ಷಣ ಬೇಡವೆಂದಳು ಎಂದು ಬರೆದರೆ ಸುಳ್ಳಾಗುತ್ತದೆ. ಮೇಜಿನ ಕೆಳಗೆ ಎಡಗಾಲಿನ ಬೆರಳುಗಳನ್ನು ಒಂದೊಂದಾಗಿ ಅಲ್ಲಾಡಿಸಿ ನೋಡಿದಳು. ನಾಲ್ಕನೆಯದು ಅಲ್ಲಾಡಲಿಲ್ಲ. ಒಣಗಿದ ಕಾಲು, ಒಣಗಿದ ಬೂಟು, ಮೂರು ದಿನ ಬಿಸಿಲು. ಇದನ್ನೇ ತಾನೆ ಏಳು ವಾರದಿಂದ ಬೇಡಿಕೊಂಡದ್ದು? ಹೂಂ ಎನ್ನುವುದಕ್ಕೆ ಬಾಯಿ ತೆರೆಯುವುದೂ ಬೇಕಿರಲಿಲ್ಲ, ತಲೆಯಾಡಿಸಿದ್ದರೆ ಆಗುತ್ತಿತ್ತು. ಆಮೇಲೆ ಬೂಟು ಹಾಕಿಕೊಂಡು ಚಿಕ್ಕಮಾದಮ್ಮನ ಮುಂದೆ ನಿಂತು, ಹನ್ನೆರಡಕ್ಕೆ ಡೆಲಿವರಿ ಎನ್ನಬೇಕಿತ್ತು. ಮ್ಯಾಟಿಗೆ ರಕ್ತ ತಾಗದ ಹಾಗೆ ನೋಡಿಕೊಳ್ಳುವ ಕೆಲಸ ಇನ್ನು ಮೇಲೆ ತನ್ನದಾಗುತ್ತಿತ್ತು.

ಅವಳು ಎದ್ದಳು.

"ನಾನೊಬ್ಳೇ ಒಣಗಿ ಏನ್ ಮಾಡ್ಲಿ ಸಾರ್?"

"ಯೋಚನೆ ಮಾಡಿ ಮಾತಾಡು. ಈ ಬಾಗಿಲು ದಾಟಿದ್ರೆ ನಾಳೆಯಿಂದ ಗೇಟೂ ದಾಟಂಗಿಲ್ಲ."

"ಯೋಚ್ನೆ ಮಾಡ್ಬುಟ್ಟೆ."

ಆರೂ ಜನ ಚೀಲ ಎತ್ತಿಕೊಂಡು ಹೊರಟರು. ಮೆಕ್ಯಾನಿಕ್‌ಗಳ ನಡುವೆ ಹಾದು ಹೋಗುವಾಗ ವನಜಾ ಗಫಾರನ ಎದುರು ನಿಂತಳು.

"ಒಂದ್ ಮಾತು ಗಫಾರಣ್ಣ. ನನ್ ಕೆಲಸ ಅಲ್ಲ ಅಂದ್ರಲ್ಲ, ಅದು ನಮಗೋಸ್ಕರ ಅಂದ್ರಾ, ನಮ್ ಕೆಲಸ ಮುಟ್ಟಕ್ಕೆ ಆಗಲ್ಲ ಅಂತ ಅಂದ್ರಾ?"

ಗಫಾರ್ ಕೈಯಲ್ಲಿದ್ದ ಬಟ್ಟೆಯನ್ನು ತಿರುವಿದ.

"ನಿಮಗೋಸ್ಕರ ಅಂದ್ರೆ ಸುಳ್ಳಾಯ್ತದೆ ಕಣಮ್ಮ."

"ಸರಿ," ಎಂದಳು ವನಜಾ. ಅಷ್ಟಾದರೂ ನಿಜ ಹೇಳಿದನಲ್ಲ ಎನ್ನಿಸಿತು. ಆದರೂ ಗೇಟಿನ ತನಕ ಕಣ್ಣು ಮಂಜಾಗಿಯೇ ಇತ್ತು.

ಮೊದಲ ಎರಡು ದಿನ ಅವಳು ಸುಮ್ಮನೆ ಮಲಗಿದಳು. ಬೆಳ್ಳಮ್ಮ ಕಾಲಿಗೆ ಎಣ್ಣೆ ಹಚ್ಚಿದಳು. ಕೆಲಸ ಯಾಕೆ ಬಿಟ್ಟೆ ಎನ್ನಲಿಲ್ಲ, ಒಳ್ಳೆಯದು ಮಾಡಿದೆ ಎಂದೂ ಅನ್ನಲಿಲ್ಲ. ಮೂರನೇ ದಿನ ತಾನೇ ಟವೆಲು ಸುತ್ತಿಕೊಂಡು ಕಳೆ ಕೀಳುವ ಕೂಲಿಗೆ ಹೋದಳು, ಅರವತ್ತೆಂಟು ವರ್ಷದವಳು. ಐದನೇ ದಿನ ಸುದ್ದಿ ಬಂತು. ಆರರಲ್ಲಿ ಇಬ್ಬರು ಶಿವರಾಮುವಿನ ಕಾಲು ಹಿಡಿದು ವಾಪಸು ಹೋಗಿದ್ದರು. ಉಳಿದ ಜಾಗಕ್ಕೆ ಶಿವರಾಮು ಹಲಗೂರು ಕಡೆಯಿಂದ ಹೊಸ ಹೆಂಗಸರನ್ನು ಗೊತ್ತು ಮಾಡಿದ್ದ, ಶುಕ್ರವಾರದಿಂದ ಬರುತ್ತಾರಂತೆ. ವನಜಾ ವಾಪಸು ಹೋದವರನ್ನು ಬೈಯಲಿಲ್ಲ. ಅವರ ಮನೆಯ ಒಲೆ ಅವಳು ಕಂಡದ್ದೇ. ಆದರೆ ಅವತ್ತು ಅವಳಿಗೆ ಊಟ ಸೇರಲಿಲ್ಲ.

ಶುಕ್ರವಾರ ಮೊದಲ ಬಸ್ಸಿಗೆ ಅವಳು ಮದ್ದೂರಿಗೆ ಹೋದಳು. ಷೋರೂಮಿನ ಗೇಟಿನ ಹೊರಗೆ, ಸರ್ವಿಸ್ ರಸ್ತೆಯ ಕಲ್ಲಿನ ಮೇಲೆ ಕೂತಳು. ಹೊಸಬರಿಗೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದಳು. ಮಾತು ಬೇಡ, ಕಾಲು ತೋರಿಸಿದರೆ ಸಾಕು ಎಂದುಕೊಂಡಿದ್ದಳು.

ಎಂಟು ಗಂಟೆಗೆ ಹಲಗೂರಿನ ಹೆಂಗಸರು ನಾಲ್ವರು ಬಸ್ಸಿಳಿದು ಬಂದರು. ಮುಂದೆ ಬಂದವಳು ವನಜಾಳ ಓರಗೆಯವಳೇ. ಹೊಲದ ಮಣ್ಣಿನಲ್ಲಿ ಒಡೆದ, ಗಟ್ಟಿ ಅಂಗಾಲು.

"ಅಕ್ಕ, ಕಾರು ತೊಳಿಯೋ ಕೆಲಸ ಕೊಡೋದು ಇಲ್ಲೇನಾ?"

"ಇಲ್ಲೇ ಕಣವ್ವ. ನಾನು ಆರು ವರ್ಸ ಇಲ್ಲೇ ತೊಳ್ದೆ. ಎಷ್ಟ್ ದಿನ ಕೆಲಸ ಅಂದವ್ರೆ?"

"ಎಲ್ಲಾ ದಿನಾನೂವೆ ಅಂದ್ರು. ದಿನಾ ಕೆಲಸ ಸಿಕ್ತದಲ್ಲ, ಒಳ್ಳೇದೇ ಅಲ್ವಾ?"

"ಒಳ್ಳೇದಲ್ಲ. ನೀರು ಕಾಲು ತಿಂದಾಕ್ತದೆ. ನೋಡಿಲ್ಲಿ."

ವನಜಾ ಚಪ್ಪಲಿ ಬಿಟ್ಟು ಕಾಲು ಮುಂದೆ ಚಾಚಿದಳು. ಬೆರಳು ಬಿಡಿಸಿದಳು. ನಾಲ್ವರೂ ಬಗ್ಗಿ ನೋಡಿದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಚೆನ್ನಾಗೇ ಅದಲ್ಲಕ್ಕ ನಿನ್ ಕಾಲು," ಎಂದಳು ಮುಂದಿದ್ದವಳು.

ವನಜಾ ತಾನೂ ಬಗ್ಗಿ ನೋಡಿದಳು. ಬೆರಳ ಸಂದಿಯಲ್ಲಿ ಹೊಸ ಚರ್ಮ ಬಂದಿತ್ತು. ಎಳೆಯದು, ನಸುಗೆಂಪು. ಊತ ಇಳಿದಿತ್ತು. ನಾಲ್ಕನೇ ಬೆರಳು ಅಲ್ಲಾಡಿತು.

"ಹೂಂ ಕಣವ್ವ," ಎಂದಳು. "ಎಂಟು ದಿನ ರಜ ಸಿಕ್ತು. ಅದ್ಕೆ."

ಹಲಗೂರಿನವಳು ಗೇಟಿನ ಕಡೆ ನೋಡಿದಳು. ಒಳಗೆ ಯಾರೋ ಮೋಟರು ಹಾಕಿದರು. ಅವಳು ಚೀಲವನ್ನು ಹೆಗಲಿನಿಂದ ಇಳಿಸಿ ವನಜಾಳ ಪಕ್ಕದಲ್ಲಿ ಕೂತು, "ಏನಾಯ್ತು ಅಂತ ಏಳಕ್ಕ," ಎಂದಳು.